ಮಾತಿನ ಬಾಲ

ಮೊನ್ನೆ ಸ್ನಾನಕ್ಕೆಂದು ಹೊಸ ಸೋಪು ಬಿಚ್ಚಿದೆ. ಯಾವಾಗಲೂ ತರುವುದು ಅಂಗಡಿಯಲ್ಲಿ ಇರಲಿಲ್ಲವೆಂದು ಮಗಳು ಗಂಧದ ಸೋಪು ತಂದಿದ್ದಳು. ರಟ್ಟಿನ ಡಬ್ಬಿಯ ಬಾಯಿ ತೆರೆದ ಕೂಡಲೇ ಕೈ ನಿಂತುಬಿಟ್ಟಿತು. ಸೋಪಿನ ವಾಸನೆ ಬೇರೆ, ಸೋಪು ತೆಗೆದ ಮೇಲೆ ಆ ರಟ್ಟಿನ ಒಳಮೈಗೆ ಅಂಟಿ ಉಳಿಯುವ ವಾಸನೆ ಬೇರೆ. ನನಗೆ ಬಂದದ್ದು ಎರಡನೆಯದು... ಅದರ ಹಿಂದೆಯೇ ಒದ್ದೆ ರೆಗ್ಸಿನ್ ಸೀಟು, ಡೀಸೆಲ್ಲು, ಕೆಂಪು ನೀರಿನ ಸದ್ದು. ಎಷ್ಟು ವರ್ಷವಾದರೂ ಹೀಗಾಗುತ್ತದೆ.

ಶಿಕಾರಿಪುರದಲ್ಲಿ ನಮ್ಮ ಮನೆಯ ಎದುರಿಗೆ ಹೈಸ್ಕೂಲಿನ ಇಂಗ್ಲಿಷ್ ಟೀಚರ್ ಒಬ್ಬರು ಬಾಡಿಗೆಗಿದ್ದರು. ಊರು ಸೊರಬ. ಮದುವೆಯಾಗಿರಲಿಲ್ಲ, ಒಬ್ಬರೇ ಇದ್ದರು. ಶನಿವಾರ ಶಾಲೆ ಬಿಟ್ಟ ಮೇಲೆ ಸೊರಬದ ಬಸ್ಸು ಹತ್ತಿದರೆ ಸೋಮವಾರ ಬೆಳಗ್ಗೆ ನೇರ ಶಾಲೆಯ ಮುಂದೆಯೇ ಇಳಿಯುತ್ತಿದ್ದರು. ಅವರನ್ನು ನಮ್ಮ ಬೀದಿಯಲ್ಲಿ ಯಾರೂ ಹೆಸರು ಹಿಡಿದು ಕರೆದದ್ದು ನೆನಪಿಲ್ಲ. ಅವ್ವನಿಗೆ ಅವರು ಟೀಚರಮ್ಮ, ನನಗೆ ಟೀಚರ್. ಮಾತಿಗೊಮ್ಮೆ 'ಮಾರಾಯ್ತಿ' ಅನ್ನುವುದು ಅವರ ರೂಢಿ. ಅವ್ವ ಅದನ್ನು ಅವರೆದುರೇ ಅಣಕಿಸುತ್ತಿದ್ದಳು. ಅವರು ನಮ್ಮ 'ಐತಿ', 'ಹೋಗಾನ'ಗಳನ್ನು ಅಣಕಿಸಿ ಲೆಕ್ಕ ಚುಕ್ತಾ ಮಾಡುತ್ತಿದ್ದರು.

ತೊಂಬತ್ತರ ದಶಕದ ನಡುವಿನ ಮಾತು. ನಾನು ಬಿ.ಕಾಂ. ಮುಗಿಸಿ ಮ್ಯಾನೇಜ್‌ಮೆಂಟ್‌ನಲ್ಲಿ ಮುಂದೆ ಓದಬೇಕೆಂದು ಹಟ ಹಿಡಿದಿದ್ದೆ. ಅದಕ್ಕೊಂದು ಪ್ರವೇಶ ಪರೀಕ್ಷೆ ಇತ್ತು. ಒಮ್ಮೆ ಬರೆದಿದ್ದೆ. ಲೆಕ್ಕದ ಭಾಗದಲ್ಲಿ ಅಂಕಕ್ಕೆ ಕೊರತೆಯಿರಲಿಲ್ಲ. ವರ್ಬಲ್ ಅನ್ನುವ ಭಾಗದಲ್ಲಿ ಮುಗ್ಗರಿಸಿದ್ದೆ. ಬಿಟ್ಟ ಜಾಗಕ್ಕೆ ಪದ ತುಂಬುವುದು, ಉದ್ದದ ಇಂಗ್ಲಿಷ್ ಗದ್ಯ ಓದಿ ಬರೆದವನ ಅಭಿಪ್ರಾಯ ಏನೆಂದು ಹೇಳುವುದು, ವಿರುದ್ಧಾರ್ಥ ಹುಡುಕುವುದು. ಎರಡು ಭಾಗಗಳಲ್ಲೂ ಬೇರೆಬೇರೆಯಾಗಿ ಪಾಸಾಗಬೇಕಿತ್ತು. ಅಪ್ಪನಿಗೆ ಗೊಬ್ಬರದ ಅಂಗಡಿ ಇತ್ತು. ಅವರು ಬೈಯಲಿಲ್ಲ. "ಇನ್ನೊಂದ್ ಸಲ ಬರಿ. ಆಗ್ಲಿಲ್ಲಂದ್ರ ಅಂಗಡ್ಯಾಗ ಕುಂದ್ರು, ನನಗೂ ಒಬ್ರು ಬೇಕಾಗ್ಯಾರ" ಅಂದರು. ಮೆತ್ತಗೆ ಹೇಳಿದ ಮಾತು, ಆದರೆ ಅಪ್ಪ ಮೆತ್ತಗೆ ಹೇಳಿದ್ದನ್ನು ಬದಲಿಸುವವರಲ್ಲ. ಯೂರಿಯಾ ಚೀಲಗಳ ನಡುವೆ ಕೂತು ಬಿಲ್ಲು ಹರಿಯುವ ನನ್ನನ್ನು ನಾನೇ ಕಲ್ಪಿಸಿಕೊಂಡು ನಿದ್ದೆ ಕೆಡುತ್ತಿತ್ತು.

ದಪ್ಪನೆಯ ಪುಸ್ತಕವೊಂದನ್ನು ತರಿಸಿಕೊಂಡು ಇಂಗ್ಲಿಷ್ ಪದಗಳನ್ನು ಅಕ್ಷರದ ಸಾಲಿನಲ್ಲಿ ಬಾಯಿಪಾಠ ಮಾಡತೊಡಗಿದೆ. ಎ ಮುಗಿಯಿತು, ಬಿ ಮುಗಿಯಿತು. ಸಿ ಶುರುವಾಗುವಷ್ಟರಲ್ಲಿ ಎ ಮರೆತಿತ್ತು. ಕಟ್ಟೆಯ ಮೇಲೆ ಕೂತು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಿದ್ದುದನ್ನು ಟೀಚರ್ ಒಂದು ವಾರ ತಮ್ಮ ಬಾಗಿಲಲ್ಲಿ ನಿಂತು ಕೇಳಿರಬೇಕು. ಒಂದು ದಿನ ದಾಟಿ ಬಂದು ಪುಸ್ತಕ ಕಸಿದುಕೊಂಡು, ಒಂದು ಪುಟದ ಗದ್ಯ ಕೊಟ್ಟು ಓದಿಸಿದರು. ಪ್ರಶ್ನೆ ಕೇಳಿದರು. ನಾನು ಕೊಟ್ಟ ಉತ್ತರಗಳಲ್ಲಿ ಹೆಚ್ಚಿನವು ಸರಿಯಾದ ಉತ್ತರಕ್ಕೆ ನೇರ ಉಲ್ಟಾ.

"ನಿಂಗೆ ಪದ ಗೊತ್ತು ಮಾರಾಯ್ತಿ. ನೀನು ಇಂಗ್ಲಿಷನ್ನ ಕನ್ನಡದ ಕಿವಿಲಿ ಓದ್ತಿದೀಯ" ಅಂದರು.

ಅವರು ಆಮೇಲೆ ಬಿಡಿಸಿ ಹೇಳಿದರು. ಕನ್ನಡದಲ್ಲಿ ಹೌದೋ ಅಲ್ಲವೋ ಅನ್ನುವುದು ವಾಕ್ಯದ ಕೊನೆಗೆ ಬರುತ್ತದೆ. ಹುಟ್ಟಿದಾಗಿನಿಂದ ನಾವು ಕೊನೆಗಾಗಿ ಕಾದು ಕಾದು ಕಿವಿ ಹಾಗೇ ಪಳಗಿಬಿಟ್ಟಿರುತ್ತದೆ. ಇಂಗ್ಲಿಷು 'ಇಲ್ಲ'ವನ್ನು ಮೊದಲೇ, ಸದ್ದಿಲ್ಲದೆ, ಒಂದು ಪುಟ್ಟ ಪದದಲ್ಲಿ ಹಾಕಿ ಮುಂದೆ ಹೋಗಿಬಿಡುತ್ತದೆ. 'ನಾಟ್' ಬಿಡು, ಅದು ಕಾಣಿಸುತ್ತದೆ. 'ಹಾರ್ಡ್ಲಿ', 'ಸೆಲ್ಡಮ್', 'ಫ್ಯೂ', 'ಆಲ್‌ದೋ'... ನಾನು ಅವನ್ನೆಲ್ಲ ದಾಟಿ ವಾಕ್ಯದ ಕೊನೆಗೆ ಓಡುತ್ತಿದ್ದೆ. ಅಲ್ಲಿ 'ಇಲ್ಲ' ಸಿಗದಿದ್ದರೆ ಹೌದು ಎಂದು ತಿಳಿಯುತ್ತಿದ್ದೆ. 'ನಾಟ್ ಅನ್‌ಕಾಮನ್', ಅಂದರೆ ಅಪರೂಪವೇನಲ್ಲ, ಅನ್ನುವಂಥದ್ದು ಬಂದರೆ ಪೂರ್ತಿ ದಿಕ್ಕು ತಪ್ಪುತ್ತಿತ್ತು.

ಅವರ ಪಾಠಕ್ಕೆ ಬೇಕಾದದ್ದು ಒಂದು ಸೋಪಿನ ರಟ್ಟು. ಗಂಧದ ಸೋಪಿನ ಡಬ್ಬಿಯನ್ನು ಬಿಚ್ಚಿ, ಅಂಚು ಕತ್ತರಿಸಿ, ಅಂಗೈಯಗಲದ ಪಟ್ಟಿ ಮಾಡಿದ್ದರು. ವಾಕ್ಯದ ಮೇಲೆ ಅದನ್ನು ಮುಚ್ಚಿ ಒಂದೊಂದೇ ಪದ ಕಾಣುವ ಹಾಗೆ ಸರಿಸುತ್ತಿದ್ದರು. ಪ್ರತಿ ಪದಕ್ಕೂ ಅದೇ ಪ್ರಶ್ನೆ: ಈಗ ಹೌದಾ, ಅಲ್ವಾ? ಅರ್ಥ ಮಗುಚುವ ಪದ ಕಂಡಾಗ ಒಂದು ಬೆರಳು ಮಡಿಸಬೇಕು, ಇನ್ನೊಂದು ಕಂಡರೆ ಆ ಬೆರಳು ಬಿಡಿಸಬೇಕು. ಬಿಟ್ಟ ಜಾಗ ಬಂದರೆ ಕೆಳಗಿನ ನಾಲ್ಕು ಉತ್ತರಗಳನ್ನು ರಟ್ಟಿನಿಂದ ಮುಚ್ಚಿ, ಅಲ್ಲಿ ಏನು ಬರಬೇಕೆಂದು ಮೊದಲು ನನ್ನ ಬಾಯಲ್ಲಿ, ಕನ್ನಡದಲ್ಲಾದರೂ ಸರಿ, ಹೇಳಿಸುತ್ತಿದ್ದರು. ಆಮೇಲೆಯೇ ರಟ್ಟು ತೆಗೆಯುವುದು. ಪದಗಳನ್ನು ಅಕ್ಷರದ ಸಾಲಿನಲ್ಲಿ ಕಲಿಯುವುದನ್ನು ಪೂರ್ತಿ ಬಿಡಿಸಿದರು. ಮದುವೆಯ ಊಟಕ್ಕೆ ಯಾರ್ಯಾರು ಒಂದೇ ಪಂಕ್ತಿಯಲ್ಲಿ ಕೂರುತ್ತಾರೋ ಹಾಗೆ ಜಿಪುಣರ ಪದಗಳೆಲ್ಲ ಒಂದು ಕಡೆ, ಬಾಯಿಬಡುಕರ ಪದಗಳೆಲ್ಲ ಒಂದು ಕಡೆ. ನಮ್ಮ ಬೀದಿಯವರನ್ನೇ ಒಬ್ಬೊಬ್ಬರನ್ನಾಗಿ ಒಂದೊಂದು ಪದಕ್ಕೆ ಕೂರಿಸಿ ನಗುತ್ತಿದ್ದೆವು.

ಕೆಲವೊಮ್ಮೆ ಆಟ ಕನ್ನಡದಲ್ಲಿ ನಡೆಯುತ್ತಿತ್ತು. "ನಿಮ್ಮಪ್ಪ ಅಂಗಡಿಗೆ ಹೋಗಿದಾರೆ" ಅನ್ನುವರು. ನಿಲ್ಲಿಸುವರು. "ಅಂತ ನಿಮ್ಮವ್ವ ಹೇಳಿದ್ದು." ಮತ್ತೆ ನಿಲ್ಲಿಸುವರು. "ಸುಳ್ಳು." ಇನ್ನೂ ನಿಲ್ಲಿಸಿ, "ಅಂತ ನಾನಂತೂ ಅನ್ನಲ್ಲ." ಎಲ್ಲಿ ನಿಂತರೂ ವಾಕ್ಯ ಅಲ್ಲಿಗೆ ಮುಗಿದ ಹಾಗೇ ಕೇಳುತ್ತಿತ್ತು. ಒಳಗಿನಿಂದ ಅವ್ವ, ನಾನ್ಯಾವಾಗ ಸುಳ್ಳು ಹೇಳೀನಿ ಟೀಚರಮ್ಮ ಎಂದು ಸೌಟು ಹಿಡಿದುಕೊಂಡೇ ಬರುತ್ತಿದ್ದಳು. ಇದಕ್ಕೆ ಟೀಚರ್ ಇಟ್ಟ ಹೆಸರು ಮಾತಿನ ಬಾಲ. ಶಿಕಾರಿಪುರದವರ ಬಾಲವಂತೂ ಭಾರಿ ಉದ್ದ ಅನ್ನುತ್ತಿದ್ದರು. ಈ ಊರಿಗೆ ಬಂದ ಹೊಸತರಲ್ಲಿ ಮನೆ ಕೇಳಲು ಹೋದಾಗ ಮಾಲೀಕರು "ಬಾಡಿಗಿಗೆ ಕೊಡಲ್ಲ ಅನ್ನಂಗಿಲ್ಲ" ಅಂದರಂತೆ. ಇವರು 'ಕೊಡಲ್ಲ' ಅನ್ನುವಷ್ಟನ್ನು ಕೇಳಿ ತಿರುಗಿ ಹೊರಟೇಬಿಟ್ಟರಂತೆ. ಬೀದಿ ಕೊನೆಯವರೆಗೆ ಮಾಲೀಕರು ಕೂಗಿಕೊಂಡು ಬಂದರಂತೆ. ನೇರವಾಗಿ ಹೂಂ ಅಂದರೂ ಮೈಮೇಲೆ ಬರುತ್ತದೆ, ಊಹೂಂ ಅಂದರೂ ಬರುತ್ತದೆ ಅಂತ ನಿಮ್ಮ ಕಡೆಯವರು ಎಲ್ಲಕ್ಕೂ 'ಅನ್ನಂಗಿಲ್ಲ' ಸೇರಿಸುತ್ತೀರಿ ಎಂದು ಆ ಕಥೆಯನ್ನು ಎಷ್ಟು ಸಲ ಹೇಳಿದ್ದರೋ.

ಮೆಲ್ಲಗೆ ನನ್ನ ತಪ್ಪುಗಳು ಕಡಿಮೆಯಾದವು. ಪರೀಕ್ಷೆ ಮಳೆಗಾಲದಲ್ಲಿ ಬೆಂಗಳೂರಿನಲ್ಲಿತ್ತು. ಬಿತ್ತನೆಯ ಕಾಲವಾದ್ದರಿಂದ ನಮ್ಮ ಮನೆ ಮುಂದೆ ದಿನವಿಡೀ ಗೊಬ್ಬರದ ಲಾರಿ, ಹಮಾಲರ ಕೂಗು. ಮಳೆ ಹೆಚ್ಚಾಗಿ ಶಾಲೆಗಳಿಗೆ ರಜೆ ಕೊಟ್ಟಾಗ ಟೀಚರ್ ನನ್ನನ್ನು ಸೊರಬಕ್ಕೆ ಕರೆದುಕೊಂಡು ಹೋದರು. ಅಲ್ಲಿ ಅವರ ತಾಯಿ, ತಮ್ಮ ಇದ್ದರು. ಬೆಳಗಿನಿಂದ ಸಂಜೆಯವರೆಗೆ ರಟ್ಟು ಸರಿಸುವುದೇ ಕೆಲಸ. ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಹೊರಟು ಶಿಕಾರಿಪುರ ಸೇರುವುದು, ಅಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಅಪ್ಪ ಟಿಕೆಟ್ ಹಿಡಿದು ಕಾದಿರುವುದು, ಸಂಜೆಯ ಬೆಂಗಳೂರು ಬಸ್ಸು ಹತ್ತಿ ಬೆಳಗ್ಗೆ ಅಲ್ಲಿ ಇಳಿದು ನೇರ ಪರೀಕ್ಷೆಗೆ ಹೋಗುವುದು ಎಂದು ಮಾತಾಗಿತ್ತು. ಆ ಬಸ್ಸು ತಪ್ಪಿದರೆ ಪರೀಕ್ಷೆಯೂ ತಪ್ಪಿದಂತೆ.

ಹೊರಡುವಾಗ ಅವರ ತಮ್ಮ ಪೇಟೆಯಿಂದ ಹೊಸ ಛತ್ರಿ ತಂದುಕೊಟ್ಟರು. ಉದ್ದ ಕಾವಿನದು, ಮರದ ಹಿಡಿ. ಟೀಚರ್ ಅದನ್ನು ಬಿಚ್ಚಿ, ತಿರುಗಿಸಿ ನೋಡಿ, ಇನ್ನು ಮೇಲೆ ಶಾಲೆಯಲ್ಲಿ ಹುಡುಗರು ಹೆದರುತ್ತಾರೆ ಎಂದು ನಕ್ಕರು. ಈ ಛತ್ರಿಯ ಮಾತನ್ನು ನಾನು ಬೇಕೆಂದೇ ಹೇಳುತ್ತಿದ್ದೇನೆ. ಯಾಕೆಂದು ಆಮೇಲೆ ಹೇಳುತ್ತೇನೆ.

ನಾವು ಹತ್ತಿದ್ದು ಒಂದು ಖಾಸಗಿ ಬಸ್ಸು. ತುಂಬಿತ್ತು. ಶಿರಾಳಕೊಪ್ಪ ದಾಟಿದ ಮೇಲೆ ದೊಡ್ಡ ರಸ್ತೆಗೆ ಅಡ್ಡಲಾಗಿ ಮರ ಬಿದ್ದಿದೆ, ಕಡಿದು ತೆಗೆಯಲು ಸಂಜೆಯಾಗುತ್ತದೆ ಎಂದು ಎದುರಿನಿಂದ ಬಂದ ಲಾರಿಯವರು ಹೇಳಿದರು. ಡ್ರೈವರ್ ಬೈದುಕೊಂಡು ಬಸ್ಸನ್ನು ಹಳ್ಳಿಯ ಒಳದಾರಿಗೆ ತಿರುಗಿಸಿದ. ನಾನು ಕೈಗಡಿಯಾರ ನೋಡುವುದು, ಟೀಚರ್ ಅದನ್ನು ಸೆರಗಿನಿಂದ ಮುಚ್ಚುವುದು, ಹೀಗೆ ನಡೆದಿತ್ತು. ಬಸ್ಸಿನಲ್ಲಿ ಎಲ್ಲರದೂ ಮಳೆಯದೇ ಮಾತು. ಅಂಜನಾಪುರದ ಅಣೆಕಟ್ಟು ತುಂಬಿ ಕೋಡಿ ಬಿದ್ದಿದೆ ಎಂದು ಒಬ್ಬರು, ತೊಗರ್ಸಿಯ ಕಡೆ ಗದ್ದೆ ಯಾವುದು ಕೆರೆ ಯಾವುದು ತಿಳಿಯುವುದಿಲ್ಲ ಎಂದು ಇನ್ನೊಬ್ಬರು.

ಒಂದು ಇಳಿಜಾರಿನ ಕೊನೆಗೆ ಬಸ್ಸು ನಿಂತಿತು. ಮುಂದೆ ಹಳ್ಳ. ಅದಕ್ಕೆ ತಗ್ಗಿನ ಸೇತುವೆ, ಪಕ್ಕಕ್ಕೆ ಗೋಡೆಯಿಲ್ಲದ್ದು. ಅದರ ಮೇಲೆ ಕೆಂಪು ನೀರು ಹರಿಯುತ್ತಿತ್ತು. ಆಳವಾಗಿಯೇನೂ ಕಾಣಲಿಲ್ಲ. ಎರಡೂ ಬದಿಯ ಗೂಟಗಳ ತಲೆಗಳು ಮೇಲೆದ್ದಿದ್ದವು. ಆಚೆ ದಡದಲ್ಲಿ ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡ ಒಬ್ಬ ರೈತ ನಿಂತಿದ್ದ. ಕಂಡಕ್ಟರ್ ಇಳಿದು ನೀರಿನ ಅಂಚಿಗೆ ಹೋಗಿ ಕೈ ಬಾಯಿಗಿಟ್ಟು, ಬಸ್ಸು ಬರಬಹುದಾ, ತೊಂದರೆ ಏನೂ ಇಲ್ಲವಲ್ಲ ಎಂದು ಕೂಗಿದ.

ಆಚೆಯಿಂದ ಉತ್ತರ ಬಂತು. ನೀರಿನ ಸದ್ದಿನಲ್ಲೂ ನಮಗೆಲ್ಲ ಚೆನ್ನಾಗಿಯೇ ಕೇಳಿಸಿತು.

"ತೊಂದ್ರಿ ಏನೂ ಇಲ್ಲ..."

ಬಸ್ಸಿನಲ್ಲಿ ಉಸಿರು ಬಿಟ್ಟ ಸದ್ದು. ಕಂಡಕ್ಟರ್ ರೈಟ್ ಎಂದು ಬಸ್ಸಿನ ಮೈಗೆ ಬಡಿದು ಹತ್ತಿದ. ಇಂಜಿನ್ ಗುಡುಗಿತು. ನನ್ನ ಪಕ್ಕದಲ್ಲಿ ಟೀಚರ್ ಎದ್ದು ನಿಂತಿದ್ದರು. ಅವರು ಕಿಟಕಿಯಿಂದ ಆಚೆ ದಡವನ್ನೇ ನೋಡುತ್ತಿದ್ದರು. ಕಂಡಕ್ಟರನನ್ನು ದಾಟಿ, ಛತ್ರಿ ಬಿಚ್ಚಿಕೊಂಡು ಇಳಿದೇಬಿಟ್ಟರು. ಅವರಿಗೆ ವಾಂತಿ ಬಂದಿರಬೇಕೆಂದು ನಾನು ತಿಳಿದೆ. ಅವರು ಹೋಗಿ ಬಸ್ಸಿನ ಮುಂದೆ ನಿಂತರು. ಹಿಂದಕ್ಕೆ ಹಳ್ಳ, ಮುಂದಕ್ಕೆ ಬಂಪರು.

ಡ್ರೈವರ್ ಹಾರನ್ ಒತ್ತಿದ. ಅವರು ಕದಲಲಿಲ್ಲ. ಪ್ರತಿವಾರ ಅವರನ್ನು ಕಾಣುತ್ತಿದ್ದ ಅವನು ಕಿಟಕಿಯಿಂದ ತಲೆ ಹೊರಹಾಕಿ, "ಏನ್ರೀ ಟೀಚರ್, ಇದೇನ್ ನಿಮ್ ಸಾಲಿ ಅಂತ ಮಾಡೀರೇನು? ತೊಂದ್ರಿ ಇಲ್ಲ ಅಂದಾನಲ್ರೀ ಅವ" ಅಂದ.

"ಅವನ ಮಾತು ಮುಗಿಲಿಲ್ಲ ಮಾರಾಯ್ರೆ. ಆಮೇಲೂ ಬಾಯಿ ಆಡ್ತಿತ್ತು. ಅದೇನು ಅಂತ ಕೇಳಿ, ಆಮೇಲೆ ಹೋಗಿ."

ಬಸ್ಸಿನಲ್ಲಿ ಗದ್ದಲವೆದ್ದಿತು. ಮಾತು ಮುಗಿಯದಿದ್ದರೆ ಅವನು ಮನೆಗೆ ಹೋಗಿ ಮುಗಿಸಿಕೊಳ್ಳಲಿ ಎಂದು ಯಾರೋ ಅಂದರು. ಮದುವೆಯಾಗದವರಿಗೆ ಜೀವದ ಮೇಲೆ ಆಸೆ ಜಾಸ್ತಿ ಎಂದು ಹಿಂದಿನ ಸೀಟಿನಿಂದ ಒಂದು ಹೊಲಸು ನಗೆ ಬಂತು. ಮುಂದೆ ಕೂತಿದ್ದ ಒಬ್ಬರು ಅಜ್ಜ ಮೀಸೆ ಒರೆಸಿಕೊಂಡು, "ನಾವು ಈಸೂರಿನೋರವ್ವ. ಬ್ರಿಟಿಷರಿಗೇ ಅಂಜಿಲ್ಲ, ಮೊಣಕಾಲುದ್ದ ನೀರಿಗೆ ಅಂಜೇವೇನು" ಎಂದಾಗ ಎಲ್ಲರೂ ನಕ್ಕರು.

ನಾನು ನಗಲಿಲ್ಲ. ಗಡಿಯಾರದ ಮುಳ್ಳು ನೋಡುತ್ತಿದ್ದೆ. ಈಗ ಹೊರಟರೆ ಬೆಂಗಳೂರು ಬಸ್ಸು ಸಿಗುತ್ತದೆ, ಇನ್ನು ಸ್ವಲ್ಪ ತಡವಾದರೆ ಇಲ್ಲ. ವರ್ಷವಿಡೀ ಕೂತು ನನಗೆ ಕಲಿಸಿದವರು ಈಗ ಆ ಪರೀಕ್ಷೆಗೇ ಅಡ್ಡ ನಿಂತಿದ್ದರು. ಕಿಟಕಿಯಿಂದ ಬಾಗಿ, ಟೀಚರ್ ಬನ್ನಿ, ಬಸ್ಸು ತಪ್ಪುತ್ತದೆ ಎಂದು ಕೂಗಿದೆ. ಅವರು ನನ್ನ ಕಡೆ ತಿರುಗಿದರು. ಛತ್ರಿ ಎಡಗೈಯಲ್ಲಿ ಪಕ್ಕಕ್ಕೆ ವಾಲಿತ್ತು, ಮಳೆ ಮುಖದ ಮೇಲೆ ಇಳಿಯುತ್ತಿತ್ತು. ಬಲಗೈ ಎತ್ತಿ ಒಂದು ಬೆರಳು ಮಡಿಸಿ ತೋರಿಸಿದರು, ಪಾಠದಲ್ಲಿ ತೋರಿಸುವ ಹಾಗೆ.

ಆಗ ನನಗೆ ಅರ್ಥವಾಯಿತು. 'ತೊಂದ್ರಿ ಏನೂ ಇಲ್ಲ.' ಅಲ್ಲಿಗೆ ನಿಲ್ಲಿಸಿದರೂ ವಾಕ್ಯ ಪೂರ್ತಿಯೇ. ಮುಂದೆ ಬಾಲ ಇದ್ದರೆ...

ಕಂಡಕ್ಟರ್ ಮತ್ತೆ ಇಳಿದ. ಅವರ ತೋಳು ಹಿಡಿದು ಎಳೆಯುವ ಧೈರ್ಯ ಅವನಿಗಾಗಲಿಲ್ಲ. ಕೈ ಮುಗಿದ, ಗದರಿದ, ಕೊನೆಗೆ ಬೇಸತ್ತು ಆಚೆ ದಡಕ್ಕೆ ಇನ್ನೊಮ್ಮೆ ಕೂಗಿದ. ಆ ಮನುಷ್ಯ ಎರಡೂ ಕೈ ಎತ್ತಿ ಆಡಿಸುತ್ತಿದ್ದ. ಬಾ ಎಂದು ಕರೆಯುವ ಹಾಗೂ ಇತ್ತು, ಬೇಡ ಎನ್ನುವ ಹಾಗೂ ಇತ್ತು. ಮಳೆ ಜೋರಾಗಿ ಈಗ ಅವನ ದನಿ ಒಂದು ಚೂರೂ ಬರುತ್ತಿರಲಿಲ್ಲ.

ಅಷ್ಟರಲ್ಲಿ ನಮ್ಮ ಹಿಂದೆ ಒಂದು ಮೆಟಡೋರ್ ಬಂದು ನಿಂತಿತು. ಶುಂಠಿ ಚೀಲ ಹೇರಿಕೊಂಡಿತ್ತು. ಒಂದೇ ಸಮ ಹಾರನ್ ಹೊಡೆದು, ಬಸ್ಸು ಕದಲದ್ದು ನೋಡಿ, ಬಲಗಡೆ ಇದ್ದ ಜಾಗದಲ್ಲಿ ತೂರಿಕೊಂಡು ಮುಂದೆ ಬಂತು. ನನ್ನ ಕಿಟಕಿಯ ಪಕ್ಕದಲ್ಲೇ ಹಾದುಹೋಯಿತು. ಒಳಗೆ ಇಬ್ಬರು. ಸ್ಟೇರಿಂಗ್ ಹಿಡಿದವನು ಎಳೆಯ ವಯಸ್ಸಿನವನು. ಪಕ್ಕದಲ್ಲಿ ಹೆಗಲಿಗೆ ಟವೆಲ್ಲು ಹಾಕಿಕೊಂಡ, ನನ್ನ ಅಪ್ಪನ ವಯಸ್ಸಿನವರು, ಎಲೆ ಅಡಿಕೆ ಜಗಿಯುತ್ತಿದ್ದರು. ಆ ಜಗಿಯುವ ದವಡೆ ನನಗೆ ಇವತ್ತಿಗೂ ಕಾಣುತ್ತದೆ.

ಗಾಡಿ ನೀರಿಗಿಳಿದು ಸೇತುವೆಯ ನಡುವಿನವರೆಗೆ ಸಲೀಸಾಗಿ ಹೋಯಿತು. ನೋಡ್ರಿ ಹೋಗ್ತೈತಿ ಎಂದು ಯಾರೋ ಹೇಳಿದ್ದು ಕೇಳಿಸಿತು. ಆ ಮಾತು ಮುಗಿಯುವ ಮೊದಲೇ ಅದರ ಮೂತಿ ಕುಸಿಯಿತು. ನಡುವೆ ಸೇತುವೆ ಇರಲೇ ಇಲ್ಲ. ನೀರು ಅದನ್ನು ಅಡಿಯಿಂದ ಕೊರೆದುಕೊಂಡು ಹೋಗಿತ್ತು, ಮೇಲೆ ಮಾತ್ರ ಎಲ್ಲ ಕಡೆ ಒಂದೇ ಹಾಗೆ ಹರಿಯುತ್ತಿತ್ತು. ಮೆಟಡೋರ್ ನಿಧಾನವಾಗಿ, ಎಮ್ಮೆ ಮಲಗುವ ಹಾಗೆ, ಪಕ್ಕಕ್ಕೆ ವಾಲಿತು. ಬಸ್ಸಿನಲ್ಲಿ ಯಾರೂ ಕೂಗಲಿಲ್ಲ. ಅದೇ ನನಗೆ ಹೆಚ್ಚು ಭಯವಾದದ್ದು... ಅಷ್ಟು ಜನ ಇದ್ದೂ ಒಂದು ದನಿ ಇರಲಿಲ್ಲ.

ಆಮೇಲೆ ಎಲ್ಲ ಒಟ್ಟಿಗೆ ನಡೆಯಿತು. ಬಸ್ಸಿನಿಂದ ಮೊದಲು ಹಾರಿದ್ದು ನಮ್ಮ ಡ್ರೈವರ್. ಬಸ್ಸಿನ ಮೇಲೆ ಸಾಮಾನಿಗೆ ಕಟ್ಟಿದ್ದ ಹಗ್ಗ ಬಿಚ್ಚಿ ಎಸೆದರು. ಮೆಟಡೋರಿನ ಹುಡುಗ ಕಿಟಕಿಯಿಂದ ಹೊರಬಿದ್ದು ಚೀಲಗಳ ಮೇಲೆ ಹತ್ತಿದ್ದ. ಅವನಿಗೆ ಹಗ್ಗ ಸಿಕ್ಕಿತು. ಈಸೂರಿನ ಅಜ್ಜ ಎಲ್ಲರಿಗಿಂತ ಮುಂದೆ ಕಾಲು ಊರಿ ಹಗ್ಗ ಹಿಡಿದಿದ್ದರು. ಎಳೆದು ತಂದು ದಡಕ್ಕೆ ಹಾಕಿದಾಗ ಹುಡುಗ, ಮಾವ, ಮಾವ ಎಂದು ನೀರಿಗೆ ಕೈ ತೋರಿಸುತ್ತಿದ್ದ. ತಗ್ಗಿನ ಕಡೆಯ ಬಾಗಿಲಲ್ಲಿದ್ದವರು ಕಾಣಲಿಲ್ಲ. ಅವರು ಬಹಳ ಕೆಳಗೆ, ಒಂದು ತೋಟದ ಬೇಲಿಯಲ್ಲಿ ಸಿಕ್ಕರು ಎಂದು ಆಮೇಲೆ ಕೇಳಿದೆವು.

ಹೊತ್ತು ಸರಿದ ಮೇಲೆ ಆಚೆ ದಡದ ಮನುಷ್ಯ ಎಲ್ಲೋ ಮೇಲಿನ ಕಾಲುಸಂಕದಲ್ಲಿ ಸುತ್ತಿಕೊಂಡು ನಮ್ಮ ಕಡೆ ಬಂದ. ನೆಲಕ್ಕೆ ಕುಕ್ಕರಿಸಿದ.

"ತೊಂದ್ರಿ ಏನೂ ಇಲ್ಲ ಅನ್ನಂಗಿಲ್ಲ, ನಡುವ ಕಿತ್ತು ಹೋದಂಗೈತಿ ಅಂತ ಬಡ್ಕಂಡೆನಲ್ರೋ" ಅಂದ. ಅದನ್ನೇ ತಿರುಗಿ ತಿರುಗಿ ಹೇಳಿದ. 'ಅನ್ನಂಗಿಲ್ಲ' ಅನ್ನುವುದು ಅಷ್ಟು ಸಣ್ಣ ಪದ. ಅದನ್ನೂ ಅದರ ಮುಂದಿನದನ್ನೂ ನೀರು ನುಂಗಿತ್ತು.

ಬಸ್ಸು ಹಿಂದಕ್ಕೆ ತಿರುಗಿತು. ದೊಡ್ಡ ರಸ್ತೆಯ ಮರ ಅಷ್ಟರಲ್ಲಿ ತೆಗೆದಿದ್ದರು, ಆ ದಾರಿಯಲ್ಲೇ ಶಿಕಾರಿಪುರಕ್ಕೆ ಹೊರಟೆವು. ಹೆಂಗಸರು ಟೀಚರ್ ಕಾಲು ಮುಟ್ಟಲು ಬಂದರು. ಹಿಂದಿನ ಸೀಟಿನ ಆ ಹೊಲಸು ಬಾಯಿಯವನೇ ಅವರಿಗೆ ತನ್ನ ಜಾಗ ಬಿಟ್ಟುಕೊಟ್ಟ. ಅವರು ನನ್ನ ಪಕ್ಕದಲ್ಲಿ ಒದ್ದೆಯಾಗಿ ಕೂತಿದ್ದರು. ಮಡಿಸಲು ಬಾರದ ಹಾಗೆ ಛತ್ರಿಯ ಕಡ್ಡಿಗಳು ಮುರಿದು ಹೊರಚಾಚಿ ಕಂಡಕ್ಟರನ ಮೊಣಕೈಗೆ ಚುಚ್ಚುತ್ತಿದ್ದವು. ನನ್ನ ಚೀಲದಲ್ಲಿ ಹಾಲ್ ಟಿಕೆಟ್ ಇತ್ತು. ಅದರ ನೆನಪು ಬಂದದ್ದು ಅಪ್ಪನನ್ನು ಕಂಡ ಮೇಲೆಯೇ.

ರಾತ್ರಿ ನಾವು ತಲುಪಿದಾಗ ಅಪ್ಪ ಬಸ್‌ಸ್ಟ್ಯಾಂಡಿನಲ್ಲಿ ಟಿಕೆಟ್ ಹಿಡಿದು ನಿಂತೇ ಇದ್ದರು. ನಡೆದದ್ದು ಕೇಳಿ ಟಿಕೆಟನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಅಂಗಡಿಯಲ್ಲಿ ಕೂರುವ ಮಾತನ್ನು ಆಮೇಲೆ ಎಂದೂ ಎತ್ತಲಿಲ್ಲ. ಮುಂದಿನ ವರ್ಷದ ಅರ್ಜಿಯನ್ನು ಅವರೇ ತಂದುಕೊಟ್ಟರು.

ಊರಿನಲ್ಲಿ ಟೀಚರ್ ಹೆಸರು ದೊಡ್ಡದಾಯಿತು. ಬಸ್ಸಿನಲ್ಲಿದ್ದವರು ಹಣ್ಣು ಕಾಯಿ ಹಿಡಿದು ಮನೆಗೆ ಬರುತ್ತಿದ್ದರು. ಶಾಲೆಯಲ್ಲಿ ಸನ್ಮಾನ ಮಾಡುತ್ತೇವೆಂದರು. ಅವರು ಒಪ್ಪಲಿಲ್ಲ. ಸಂಜೆ ಪಾಠ ಮತ್ತೆ ಶುರುವಾಯಿತು, ಆದರೆ ಕನ್ನಡದ ಆಟ ನಿಂತುಹೋಯಿತು. ರಟ್ಟನ್ನು ಸರಿಸುತ್ತಾ ಸರಿಸುತ್ತಾ ಅರ್ಧದಲ್ಲಿ ಕೈ ನಿಲ್ಲಿಸಿ ಎಲ್ಲೋ ನೋಡುತ್ತಿದ್ದರು. ನಾನೇ ಅವರ ಬೆರಳಿನಿಂದ ರಟ್ಟು ಬಿಡಿಸಿಕೊಂಡು ಮುಂದೆ ಸರಿಸಿಕೊಳ್ಳುತ್ತಿದ್ದೆ. ಆ ವರ್ಷದ ಕೊನೆಗೆ ಸೊರಬದ ಕಡೆಯ ಶಾಲೆಗೆ ವರ್ಗ ಮಾಡಿಸಿಕೊಂಡು ಹೋದರು. ಹೋಗುವಾಗ ರಟ್ಟನ್ನು ನನಗೆ ಕೊಟ್ಟರು. ವಾಸನೆ ಇನ್ನೂ ಇತ್ತು.

ಮರು ವರ್ಷ ಪರೀಕ್ಷೆ ಬರೆದೆ. ಒಳಗೆ ರಟ್ಟು ಬಿಡುವುದಿಲ್ಲ. ಅಂಗೈಯಿಂದಲೇ ಮುಚ್ಚಿ ಓದಿದೆ. ವರ್ಬಲ್‌ನಲ್ಲಿ ಲೆಕ್ಕಕ್ಕಿಂತ ಹೆಚ್ಚು ಅಂಕ ಬಂತು. ಪೇಡೆ ಕಟ್ಟಿಸಿಕೊಂಡು ಸೊರಬಕ್ಕೆ ಹೋದೆ. ತುಂಬ ಸಂತೋಷಪಟ್ಟರು. ಯಾವ ಗದ್ಯ ಬಂದಿತ್ತು, ಎಲ್ಲಿ ಬೆರಳು ಮಡಿಸಿದೆ ಎಂದು ಕೇಳಿದರು. ಅವರ ತಾಯಿ ಕಾಫಿ ತರಲು ಒಳಗೆ ಹೋದಾಗ ದನಿ ತಗ್ಗಿಸಿದರು.

"ನಾನು ಬಸ್ಸಿಗೆ ಅಡ್ಡ ನಿಂತೆ ಕಣೆ. ರಸ್ತೆಗೆ ಅಡ್ಡ ನಿಲ್ಲಲಿಲ್ಲ."

ಹಾಗನ್ನಬೇಡಿ ಟೀಚರ್ ಎಂದೆನೋ, ಅದನ್ನೂ ಅನ್ನಲಿಲ್ಲವೋ. ಕಾಫಿ ಬಂತು. ಬೇರೆ ಮಾತಾಡಿದೆವು. ಆಮೇಲೆ ನನ್ನ ಓದು, ಕೆಲಸ, ದಾವಣಗೆರೆಯ ಸಂಸಾರ... ಒಂದೆರಡು ಕಾಗದ ಬರೆದಿದ್ದಿರಬೇಕು. ಮತ್ತೆ ಅವರನ್ನು ನೋಡಲಿಲ್ಲ.

ಆದರೆ ಆ ಹಳ್ಳ ನನ್ನನ್ನು ಬಿಟ್ಟಿಲ್ಲ. ಬಸ್ಸು ತಿರುವಿನಲ್ಲಿ ವಾಲಿದರೆ ಸಾಕು, ಎಲ್ಲ ಮೊದಲಿನಿಂದ ಶುರುವಾಗುತ್ತದೆ. ಹಾರನ್ನು, ಟವೆಲ್ಲು, ಜಗಿಯುವ ದವಡೆ. ಹೀಗೆ ತಿರುತಿರುಗಿ ನೋಡುವಾಗ, ಎಷ್ಟೋ ವರ್ಷಗಳ ಮೇಲೆ, ಹಿಂದೆ ಕಂಡಿರದ ಒಂದು ಸಂಗತಿ ಕಂಡಿತು. ಸೊರಬದಲ್ಲಿ ಬಸ್ಸು ಹತ್ತುವಾಗ ಛತ್ರಿ ಹೊಸದು, ಒಂದು ಕಡ್ಡಿಯೂ ಸೊಟ್ಟಗಿರಲಿಲ್ಲ. ಹಿಂದಿರುಗುವಾಗ ಒಂದು ಬದಿಯ ಕಡ್ಡಿಗಳೆಲ್ಲ ಮುರಿದಿದ್ದವು. ಆ ದಿನ ಗಾಳಿಯಿರಲಿಲ್ಲ, ಬರೀ ಮಳೆ. ಹಗ್ಗ ಎಳೆಯುವ ನೂಕಾಟದಲ್ಲಿ ಮುರಿದಿರಬಹುದೇ ಅಂದರೆ, ಟೀಚರ್ ಆಗ ಬಸ್ಸಿನ ಮೂತಿಗೆ ಒರಗಿ ನಿಂತಲ್ಲೇ ನಿಂತಿದ್ದರು. ಹಾಗಾದರೆ... ಮೆಟಡೋರ್ ನನ್ನ ಕಿಟಕಿ ದಾಟಿ ಮುಂದೆ ನುಗ್ಗಿದಾಗ, ಅವರ ಎಡಗೈ ಪಕ್ಕಕ್ಕೆ ಚಾಚಿ, ಬಿಚ್ಚಿದ ಛತ್ರಿ ಗೇಟಿನ ಹಾಗೆ ರಸ್ತೆಗೆ ಅಡ್ಡ ಬಂದಿತ್ತು. ಗಾಡಿ ಅದನ್ನು ಉಜ್ಜಿಕೊಂಡು ಹೋಯಿತು. ಅವರು ರಸ್ತೆಗೂ ಅಡ್ಡ ನಿಂತಿದ್ದರು. ಆ ಹೊತ್ತಿನಲ್ಲಿ ಅದು ಅವರಿಗೇ ತಿಳಿದಿರಲಿಲ್ಲ.

ಇದನ್ನು ನಾನು ಕಣ್ಣಾರೆ ಕಂಡೆನೋ, ಕಾಣಬೇಕೆಂದು ಕಂಡುಕೊಂಡೆನೋ, ಆಣೆ ಇಟ್ಟು ಹೇಳಲಾರೆ. ಕಡ್ಡಿ ಮುರಿದದ್ದು ಮಾತ್ರ ಸುಳ್ಳಲ್ಲ. ಅವರಿಗೆ ಹೇಳಬೇಕು, ಹೋಗಿಯೇ ಹೇಳಬೇಕು ಎಂದು ಅಂದುಕೊಳ್ಳುತ್ತಾ ಮಗಳ ಓದು, ಮನೆ ಕಟ್ಟಿಸುವುದು, ಅದು ಇದು ಎಂದು ದಿನ ಹೋದವು.

ಮೊನ್ನೆ ಆ ಸೋಪಿನ ರಟ್ಟು ಕೈಯಲ್ಲಿ ಹಿಡಿದು ಬಚ್ಚಲಿನಿಂದ ಹೊರಗೆ ಬಂದೆ. ಸ್ನಾನ ಮಾಡಲಿಲ್ಲ. ಶಿಕಾರಿಪುರದ ಹಳೆಯ ಪರಿಚಯದವರಿಗೆ, ಅವರಿಂದ ಇನ್ನೊಬ್ಬರಿಗೆ ಎಂದು ಫೋನು ಮಾಡಿ ಮಾಡಿ ಸೊರಬದ ಮನೆಯ ನಂಬರು ಹಿಡಿದೆ. ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಟೀಚರ್, ನಿಮ್ಮ ಛತ್ರಿ ಮುರಿದದ್ದು ಹೇಗೆ ಅಂತ ನೆನಪಿದೆಯಾ ಎಂದೇ ಶುರು ಮಾಡುವುದು ಎಂದು. ಫೋನು ಎತ್ತಿದ್ದು ಅವರ ತಮ್ಮನ ಮಗಳು. ಶಿಕಾರಿಪುರದ ಎದುರುಮನೆಯವಳು ಎಂದು ಹೇಳಿ, ಟೀಚರ್ ಇದ್ದಾರಾ ಅಂತ ಕೇಳಿದೆ.

"ಅತ್ತೆ ಇಲ್ರೀ" ಅಂದಳು.

ಫೋನನ್ನು ಕಿವಿಗೆ ಒತ್ತಿ ಹಿಡಿದು ಕಾದೆ. ಈಗ ಮನೆಯಲ್ಲಿಲ್ಲ, ಪೇಟೆಗೆ ಹೋಗಿದ್ದಾರೆ, ಸಂಜೆ ಮಾಡಿ... ಮುಂದೆ ಏನಾದರೂ ಇದ್ದೇ ಇರುತ್ತದೆ ಎಂದು ಕಾದೆ. ಆ ಕಡೆ ಹುಡುಗಿಯೂ ಸುಮ್ಮನೆ ನಿಂತಿದ್ದಳು. ಅವಳ ಉಸಿರು ಚೆನ್ನಾಗಿಯೇ ಕೇಳುತ್ತಿತ್ತು. ನಡುವೆ ಯಾವ ಸದ್ದೂ ಇರಲಿಲ್ಲ.

ಮಾತು ಅಷ್ಟಕ್ಕೇ ಮುಗಿದಿತ್ತು.